ತಾಳದವರ ಹೆಸರು ಮುಖಪುಟಕ್ಕೆ ಬಂದಾಗ

ಕ್ಯಾಸೆಟ್ಟು ಬಂದಾಗ ಮೂಲೆಗೆ ಸರಿದು, ಸಿ.ಡಿ. ಬಂದಾಗ ಗುಜರಿ ಸೇರಿದ್ದ ಗ್ರಾಮಫೋನ್ ತಟ್ಟೆ ಮರಳಿ ಮಾರುಕಟ್ಟೆಗೆ ಬಂದಿದೆ. ಮೊಬೈಲಿನಲ್ಲಿ ಹಾಡು ಪುಕ್ಕಟೆ ಸಿಗುವ ಈ ಕಾಲದಲ್ಲಿ ಜನ ಸಾವಿರಾರು ರೂಪಾಯಿ ಕೊಟ್ಟು ವಿನೈಲ್ ತಟ್ಟೆ ಕೊಳ್ಳುತ್ತಿದ್ದಾರೆ. ಅಮೆರಿಕದಲ್ಲಿ 2022ರಲ್ಲಿ ಸುಮಾರು 4 ಕೋಟಿ 10 ಲಕ್ಷ ವಿನೈಲ್ ತಟ್ಟೆಗಳು ಮಾರಾಟವಾದವು, ಸಿ.ಡಿ.ಗಳು ಸುಮಾರು 3 ಕೋಟಿ 30 ಲಕ್ಷ. 1987ರ ನಂತರ ತಟ್ಟೆಯು ಎಣಿಕೆಯಲ್ಲಿ ಸಿ.ಡಿ.ಯನ್ನು ಹಿಂದೆ ಹಾಕಿದ್ದು ಅದೇ ಮೊದಲು. ಹೊಸ ಹಾಡುಗಳ ಜೊತೆಗೆ ಐವತ್ತು ವರ್ಷ ಹಳೆಯ ಮುದ್ರಿಕೆಗಳೂ ಹೊಸ ಹೊದಿಕೆ ಹೊದ್ದು ಹೊರಬರುತ್ತಿವೆ. ಪುಸ್ತಕಲೋಕದ ಮರುಮುದ್ರಣದಂತೆಯೇ ಇದು.

ಇದನ್ನು ಉಳ್ಳವರ ಶೋಕಿಯೆಂದು ತಳ್ಳಿಹಾಕುವುದು ಸುಲಭ. ಅದರಲ್ಲಿ ಶೋಕಿ ಇಲ್ಲದಿಲ್ಲ. ಆದರೆ ಮರುಮುದ್ರಣವೆಂದರೆ ನೆನಪಿನ ರಾಜಕಾರಣವೂ ಹೌದು. ಯಾವುದನ್ನು ಮತ್ತೆ ಕೇಳಬೇಕು, ಯಾರ ಹೆಸರನ್ನು ಮತ್ತೆ ಅಚ್ಚು ಹಾಕಬೇಕು ಎಂಬ ತೀರ್ಮಾನ ಅದರೊಳಗಿರುತ್ತದೆ. ಹೀಗೆ ಮರಳಿ ಬಂದ ಮುದ್ರಿಕೆಗಳಲ್ಲಿ ಒಂದು ಬಗೆ ನಮ್ಮ ಗಮನಕ್ಕೆ ಯೋಗ್ಯವಾಗಿದೆ. ಅವು ಹಾಡುಗಾರರದಲ್ಲ, ಗಿಟಾರಿನವರದಲ್ಲ. ಚರ್ಮವಾದ್ಯ ಬಾರಿಸುವವರು ತಾವೇ ಮುಂದಾಳಾಗಿ ಹೊರತಂದ ಜಾಝ್ ಫ್ಯೂಷನ್ ಮುದ್ರಿಕೆಗಳು. ಬಂಗಾರಪೇಟೆ ತಾಲೂಕಿನ ಕಾಮಸಮುದ್ರದಂಥ ಊರಿನ ಕಡೆಯಿಂದ ನೋಡಿದರೆ ಇವು ಏನು ಹೇಳುತ್ತವೆ? ಮದರಾಸಿನ ರೈಲುದಾರಿಯ ಮೇಲಿನ ಆ ಗಡಿಸೀಮೆಯಲ್ಲಿ ಕನ್ನಡ, ತೆಲುಗು, ತಮಿಳು, ಉರ್ದು ನಾಲ್ಕೂ ಕಿವಿಗೆ ಬೀಳುತ್ತವೆ. ತಮಟೆಯ ಸದ್ದಿಲ್ಲದೆ ಜಾತ್ರೆಯಿಲ್ಲ, ಸಾವಿಲ್ಲ. ಈ ಪ್ರಶ್ನೆಗೆ ಉತ್ತರ ಹುಡುಕುವ ಮುನ್ನ ಮುದ್ರಿಕೆಗಳ ಬಗ್ಗೆ ಒಂದಿಷ್ಟು ಹೇಳಬೇಕು.

ಜಾಝ್ ಅಮೆರಿಕದ ಕರಿಯರು ಕಟ್ಟಿದ ಸಂಗೀತ. ಗುಲಾಮರಾಗಿ ಹಡಗೇರಿ ಬಂದವರ ಮಕ್ಕಳು ಮೊಮ್ಮಕ್ಕಳು, ತಮ್ಮನ್ನು ಆಳಿದವರ ವಾದ್ಯಗಳನ್ನೇ ಎತ್ತಿಕೊಂಡು ತಮ್ಮ ನುಡಿಯಲ್ಲಿ ಮಾತಾಡಿಸಿದರು. 1960ರ ದಶಕದ ಕೊನೆಯಲ್ಲಿ ಇದಕ್ಕೆ ರಾಕ್ ಸಂಗೀತದ ವಿದ್ಯುತ್ ಗಿಟಾರು, ಅದರ ಜೋರು, ಹೊರದೇಶಗಳ ಲಯಗಳು ಬಂದು ಕೂಡಿದವು. ಈ ಕೂಡಿಕೆಯನ್ನೇ ಫ್ಯೂಷನ್ ಎನ್ನುತ್ತಾರೆ. ಇಲ್ಲಿ ಡ್ರಮ್ಮಿನವನ ಸ್ಥಾನ ವಿಚಿತ್ರವಾದದ್ದು. ಇಡೀ ತಂಡ ನಿಲ್ಲುವುದು ಅವನ ಲಯದ ಮೇಲೆ. ಅವನು ಕೂರುವುದು ಮಾತ್ರ ವೇದಿಕೆಯ ಹಿಂಬದಿಯಲ್ಲಿ. ಮನೆಯ ಪಾಯದಂತೆ. ಪಾಯವಿಲ್ಲದೆ ಮನೆಯಿಲ್ಲ, ಆದರೆ ಮನೆ ನೋಡಲು ಬಂದವರು ಪಾಯ ನೋಡುವುದಿಲ್ಲ.

ಈ ಕ್ರಮವನ್ನು ಮೊದಲಿಗೆ ಮುರಿದವರಲ್ಲಿ ಆರ್ಟ್ ಬ್ಲೇಕಿ ಒಬ್ಬ. 1940ರ ದಶಕದಲ್ಲಿ ಇಸ್ಲಾಮನ್ನು ಒಪ್ಪಿ ಅಬ್ದುಲ್ಲಾ ಇಬ್ನ್ ಬುಹೈನಾ ಎಂಬ ಹೆಸರು ತಳೆದ ಈ ಡ್ರಮ್ ವಾದಕ, 1950ರ ದಶಕದಿಂದ 1990ರಲ್ಲಿ ಸಾಯುವವರೆಗೆ ಜಾಝ್ ಮೆಸೆಂಜರ್ಸ್ ತಂಡವನ್ನು ಮುನ್ನಡೆಸಿದ. ಮುಂದೆ ಹೆಸರಾದ ಎಷ್ಟೋ ವಾದಕರಿಗೆ ಅದೇ ಪಾಠಶಾಲೆಯಾಯಿತು. ನ್ಯೂ ಆರ್ಲಿಯನ್ಸಿನಲ್ಲಿ ಲಿಯೋ ಮಾರಿಸ್ ಆಗಿ ಹುಟ್ಟಿ ಇದ್ರಿಸ್ ಮುಹಮ್ಮದ್ ಆದ ಇನ್ನೊಬ್ಬ ಡ್ರಮ್ ವಾದಕ 1974ರಲ್ಲಿ ‘ಪವರ್ ಆಫ್ ಸೋಲ್’ ಎಂಬ ಮುದ್ರಿಕೆಯನ್ನು ತನ್ನ ಹೆಸರಲ್ಲಿ ತಂದ. ವರ್ಣಭೇದದ ನಾಡಿನಲ್ಲಿ ಈ ಕಲಾವಿದರಿಗೆ ಹೊಸ ಹೆಸರು ಒಂದು ಹೊಸ ಮಾನವನ್ನೂ ಕೊಟ್ಟಿತು. ಆ ಹೆಸರನ್ನು ಮುದ್ರಿಕೆಯ ಮೇಲೆ ಕಾಣುವುದು ಬರಿಯ ಕಲೆಯ ಸಂಗತಿಯಲ್ಲ.

ಡ್ರಮ್ ವಾದಕರ ಫ್ಯೂಷನ್ ಮುದ್ರಿಕೆಗಳಲ್ಲಿ ಅತಿ ಹೆಚ್ಚು ಮಾತಿಗೆ ಒಳಗಾದದ್ದು, ಹಲವು ಬಾರಿ ವಿನೈಲಿನಲ್ಲಿ ಮರುಮುದ್ರಣ ಕಂಡದ್ದು ಬಿಲ್ಲಿ ಕಾಭಮ್‌ನ ‘ಸ್ಪೆಕ್ಟ್ರಮ್’. 1944ರಲ್ಲಿ ಪನಾಮಾದಲ್ಲಿ ಹುಟ್ಟಿ ನ್ಯೂಯಾರ್ಕಿನಲ್ಲಿ ಬೆಳೆದ ಕಾಭಮ್, ಗಿಟಾರ್ ವಾದಕ ಜಾನ್ ಮೆಕ್ಲಾಫ್ಲಿನ್‌ನ ಮಹಾವಿಷ್ಣು ಆರ್ಕೆಸ್ಟ್ರಾದಲ್ಲಿ ಹೆಸರು ಮಾಡಿದವನು. 1973ರ ಮೇ ತಿಂಗಳಲ್ಲಿ ಮೂರೇ ದಿನಗಳಲ್ಲಿ ಈ ಮುದ್ರಿಕೆಯನ್ನು ಮುಗಿಸಿದ. ಗಿಟಾರಿಗೆ ಜಾಝ್ ಹಿನ್ನೆಲೆಯಿಲ್ಲದ ಟಾಮಿ ಬೋಲಿನ್ ಎಂಬ ರಾಕ್ ಹುಡುಗ, ಕೀಬೋರ್ಡಿಗೆ ಯಾನ್ ಹ್ಯಾಮರ್, ಬೇಸ್ ಗಿಟಾರಿಗೆ ಲೀ ಸ್ಕ್ಲಾರ್.

ಇಂದು ಕೇಳಿದಾಗ ಮುದ್ರಿಕೆಯ ಬಲ, ಬಲಹೀನತೆ ಎರಡೂ ಕಾಣುತ್ತವೆ. ಮೊದಲ ತುಣುಕಾದ ‘ಕ್ವಾಡ್ರಂಟ್ ಫೋರ್’ ಎರಡು ಕಾಲುಗಳಿಂದ ತುಳಿಯುವ ಜೋಡಿ ಡ್ರಮ್ಮಿನ ಓಟದಿಂದ ಹೊರಡುತ್ತದೆ. ಅಲ್ಲಿ ವೇಗವಿದೆ, ಕಸರತ್ತಿದೆ. ಉಸಿರು ತೆಗೆದುಕೊಳ್ಳಲು ಬಿಡುವಿಲ್ಲ. ಫ್ಯೂಷನ್ನಿನ ಮುಖ್ಯ ರೋಗವೇ ಇದು. ಆದರೆ ‘ಸ್ಟ್ರೇಟಸ್’ ಬೇರೆ ಜಾತಿಯದು. ದೀರ್ಘವಾದ, ತಾಳವಿಲ್ಲದ ಮುನ್ನುಡಿಯ ನಂತರ ಬೇಸ್ ಗಿಟಾರು ಒಂದು ಸಣ್ಣ ಎಳೆಯನ್ನು ಹಿಡಿದು ಬಿಡದೆ ನುಡಿಸುತ್ತ ಹೋಗುತ್ತದೆ. ಅದರ ಮೇಲೆ ಕಾಭಮ್ ಬಾರಿಸುತ್ತಾನೆ, ಬಾರಿಸದೆಯೂ ಇರುತ್ತಾನೆ. ಬಲ್ಲವನು ಎಲ್ಲಿ ಬಿಡಬೇಕೆಂದು ಬಲ್ಲ. ಬ್ರಿಟನ್ನಿನ ಮ್ಯಾಸಿವ್ ಅಟ್ಯಾಕ್ ತಂಡ 1991ರಲ್ಲಿ ತನ್ನ ಹಾಡೊಂದಕ್ಕೆ ಇದೇ ಎಳೆಯನ್ನು ಎತ್ತಿಕೊಂಡಿತು. ನೆನಪಿನಲ್ಲಿ ಉಳಿದದ್ದು ಕಸರತ್ತಲ್ಲ, ಹಿಡಿತ.

ಮರುಮುದ್ರಣವನ್ನು ಹೊಗಳುವ ಮೊದಲು ಅದರ ಕಸುಬನ್ನೂ ಅರಿಯಬೇಕು. ವಿನೈಲ್ ತಟ್ಟೆಯಲ್ಲಿ ಸದ್ದು ಗೆರೆಯಾಗಿ ಕೊರೆದಿರುತ್ತದೆ. ಕೆಳಸ್ವರಗಳು ಹೆಚ್ಚು ಅಗಲ ಬೇಡುತ್ತವೆ. ದೊಡ್ಡ ಡ್ರಮ್ಮಿನ ಗುಡುಗನ್ನು ಜೋರಾಗಿ ಕೊರೆದರೆ ತಟ್ಟೆಯ ಒಂದು ಬದಿಯಲ್ಲಿ ಸುಮಾರು ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಹಿಡಿಸುವುದು ಕಷ್ಟ. ಗೆರೆ ನಡುವಿನ ತೂತಿನ ಕಡೆಗೆ ಹೋದಂತೆ ಸದ್ದಿನ ಸೂಕ್ಷ್ಮವೂ ಕುಂದುತ್ತದೆ. ಹೀಗಾಗಿ ತಾಳವಾದ್ಯದ ಮುದ್ರಿಕೆ ಕೊರೆಯುವವನಿಗೆ ನಿಜವಾದ ಪರೀಕ್ಷೆ. ಮೂಲ ಟೇಪಿನಿಂದ ಕೊರೆದದ್ದೋ ಕಂಪ್ಯೂಟರ್ ಕಡತದಿಂದಲೋ ಎಂಬುದನ್ನು ಎಲ್ಲ ಕಂಪನಿಗಳೂ ಬಾಯಿಬಿಟ್ಟು ಹೇಳುವುದಿಲ್ಲ. ಮೂಲ ಟೇಪಿನ ಶುದ್ಧತೆಗೆ ಹೆಸರಾದ ಅಮೆರಿಕದ ಮೊಬೈಲ್ ಫಿಡೆಲಿಟಿ ಸಂಸ್ಥೆಯ ಹಲವು ಮರುಮುದ್ರಣಗಳಲ್ಲಿ ನಡುವೆ ಡಿಜಿಟಲ್ ಹಂತವಿತ್ತೆಂದು 2022ರಲ್ಲಿ ಬಯಲಾಗಿ, ಗಿರಾಕಿಗಳು ಕೋರ್ಟಿಗೆ ಹೋದರು. ಹಳೆಯದರ ಹೆಸರಿನಲ್ಲಿ ಹೊಸದನ್ನು ಮಾರುವುದು ಸಂಗೀತದಲ್ಲೂ ಉಂಟು.

ತಾಳವಾದ್ಯಗಾರನಿಗೆ ಸಂದ ಇನ್ನೊಂದು ಗೌರವ ಜರ್ಮನಿಯ ಇ.ಸಿ.ಎಂ. ಸಂಸ್ಥೆಯದು. 2023ರಲ್ಲಿ ‘ಲುಮಿನೆಸೆನ್ಸ್’ ಎಂಬ ಹೆಸರಿನಲ್ಲಿ ತನ್ನ ಹಳೆಯ ಮುದ್ರಿಕೆಗಳನ್ನು ವಿನೈಲಿನಲ್ಲಿ ಮರಳಿ ತರತೊಡಗಿದಾಗ, ಮೊದಲಿಗೆ ಆರಿಸಿದ ಎರಡರಲ್ಲಿ ಒಂದು ಬ್ರೆಜಿಲಿನ ನಾನಾ ವಾಸ್ಕೊನ್ಸೆಲೋಸ್‌ನ ‘ಸೌದಾದೆಸ್’. 1979ರಲ್ಲಿ ಮುದ್ರಣಗೊಂಡ ಇದರಲ್ಲಿ ಬೆರಿಂಬೌ ಎಂಬ ವಾದ್ಯ ಒಂದಿಡೀ ಪಿಟೀಲು ವೃಂದದ ಎದುರು ಕೂರುತ್ತದೆ. ಬಿಲ್ಲಿಗೆ ಒಂದು ತಂತಿ, ಕೆಳಗೊಂದು ಸೋರೆಬುರುಡೆ: ಇಷ್ಟೇ ಬೆರಿಂಬೌ. ಆಫ್ರಿಕಾದ ಗುಲಾಮರೊಂದಿಗೆ ಬ್ರೆಜಿಲಿಗೆ ಬಂದ ಈ ಬಡವರ ವಾದ್ಯಕ್ಕೆ ಯುರೋಪಿನ ವಾದ್ಯವೃಂದ ಹಿಮ್ಮೇಳವಾಗುತ್ತದೆ. ಯಾರು ಮುಂದೆ, ಯಾರು ಹಿಂದೆ ಎಂಬ ಕ್ರಮವೇ ಇಲ್ಲಿ ತಿರುವುಮುರುವಾಗಿದೆ.

ಇದೇ ಇ.ಸಿ.ಎಂ. ಸಂಸ್ಥೆಯ ಪಟ್ಟಿಯಲ್ಲಿ ಕರ್ನಾಟಕದ ಹೆಸರನ್ನೇ ಹೊತ್ತ ಮುದ್ರಿಕೆಯೊಂದಿದೆ ಎಂಬುದು ಕನ್ನಡದ ಓದುಗರಲ್ಲಿ ಬಹಳ ಮಂದಿಗೆ ಗೊತ್ತಿಲ್ಲ. ಅದು ‘ಜ್ಯೋತಿ’. 1983ರ ಫೆಬ್ರವರಿಯಲ್ಲಿ ಜರ್ಮನಿಯ ಲುಡ್ವಿಗ್ಸ್‌ಬುರ್ಗ್‌ನಲ್ಲಿ ಮುದ್ರಣಗೊಂಡಿತು. ಮುಖಪುಟದಲ್ಲಿ ಎರಡು ಹೆಸರು: ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೋ ಮತ್ತು ಕರ್ನಾಟಕ ಕಾಲೇಜ್ ಆಫ್ ಪರ್ಕಷನ್. ಮೃದಂಗ ವಿದ್ವಾಂಸ ಟಿ.ಎ.ಎಸ್. ಮಣಿ ಅವರು 1964ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ತಾಳವಾದ್ಯ ಶಾಲೆ ಇದು. ಮುದ್ರಿಕೆಯಲ್ಲಿ ಮಣಿಯವರ ಮೃದಂಗ, ಆರ್.ಎ. ರಮಾಮಣಿ ಅವರ ಕಂಠ, ಆರ್.ಎ. ರಾಜಗೋಪಾಲ್ ಅವರ ಘಟ ಮತ್ತು ಮೋರ್ಸಿಂಗ್, ಟಿ.ಎನ್. ಶಶಿಕುಮಾರ್ ಅವರ ಖಂಜರಿ ಇವೆ. ಡ್ರಮ್ ಸೆಟ್ ಇಲ್ಲ, ಗಿಟಾರಿಲ್ಲ, ಪಿಯಾನೋ ಇಲ್ಲ.

ಮರಿಯಾನೋ ಸಾಮಾನ್ಯ ಅತಿಥಿಯಲ್ಲ. 1923ರಲ್ಲಿ ಬಾಸ್ಟನ್ನಿನಲ್ಲಿ ಹುಟ್ಟಿದವರು, 1963ರಲ್ಲಿ ಚಾರ್ಲ್ಸ್ ಮಿಂಗಸ್‌ನ ಹೆಸರಾಂತ ಮುದ್ರಿಕೆಯಲ್ಲಿ ನುಡಿಸಿದವರು, ನಡುವಯಸ್ಸಿನಲ್ಲಿ ನಾಗಸ್ವರ ಕಲಿಯಲು ಕೂತವರು. 2009ರಲ್ಲಿ ತೀರಿಕೊಂಡರು. ‘ಜ್ಯೋತಿ’ಯಲ್ಲಿ ಅವರು ಮೆರೆಯುವುದಿಲ್ಲ. ರಮಾಮಣಿಯವರ ದನಿಗೆ ಸ್ಯಾಕ್ಸೊಫೋನನ್ನು ಜೋಡಿಸಿಕೊಂಡು ನಡೆಯುತ್ತಾರೆ. ಚರ್ಮವಾದ್ಯಗಳು ಮಾತಿಗಿಳಿದಾಗ ಜಾಗ ಬಿಡುತ್ತಾರೆ. ಕರ್ನಾಟಕ ಸಂಗೀತದ ಕಛೇರಿಗಳಲ್ಲಿ ತನಿ ಆವರ್ತನ ಶುರುವಾದೊಡನೆ ಸಭಿಕರು ಕಾಫಿ ಕುಡಿಯಲು ಏಳುವುದುಂಟು. ಮೃದಂಗದವರು ಪಕ್ಕವಾದ್ಯದವರು, ಅವರ ಸರದಿ ಎಂದರೆ ನಮ್ಮ ಬಿಡುವು ಎಂಬ ಭಾವನೆ ಅದು. ‘ಜ್ಯೋತಿ’ಯಲ್ಲಿ ಎದ್ದು ಹೋಗುವಂತಿಲ್ಲ. ಲಯವೇ ಇಲ್ಲಿ ಮುಖ್ಯ ಪಾತ್ರ. ಬಾಯಲ್ಲಿ ಹೇಳುವ ಜತಿಗಳು, ಅಂದರೆ ಕೊನ್ನಕ್ಕೋಲ್, ಹಾಡಿನಷ್ಟೇ ಗೌರವದಿಂದ ಕೇಳಿಸುತ್ತವೆ.

ಕುಂದಿಲ್ಲವೆಂದಲ್ಲ. ಇ.ಸಿ.ಎಂ. ಮುದ್ರಿಕೆಗಳ ನುಣುಪು ಇಲ್ಲಿಯೂ ಇದೆ. ಬೆವರು, ಧೂಳು, ಸಭೆಯ ‘ಭಲೇ’ ಇಲ್ಲದ ಶುಚಿಯಾದ ಕೋಣೆಯ ಸದ್ದು ಅದು. ವಿದೇಶಿಯ ಹೆಸರು ಮೊದಲು, ನಮ್ಮವರದು ನಂತರ ಬರುತ್ತದೆ. ಆದರೂ ಒಬ್ಬ ಗುರುವಿನ ಹೆಸರಿನ ಬದಲು ಒಂದು ಶಾಲೆಯ ಹೆಸರು, ಅದೂ ತಾಳವಾದ್ಯದ ಶಾಲೆಯ ಹೆಸರು ಲೋಕದ ಮುಖಪುಟಕ್ಕೆ ಏರಿತೆಂಬುದು ಸಣ್ಣ ಮಾತಲ್ಲ. ಮರಳಿ ಕೇಳಬೇಕಾದ ತಟ್ಟೆಗಳ ಪಟ್ಟಿಯನ್ನು ಕನ್ನಡಿಗರು ಮಾಡುವುದಾದರೆ ‘ಜ್ಯೋತಿ’ ಮೊದಲ ಸಾಲಿನಲ್ಲಿರಬೇಕು.

ಈ ಶಾಲೆಗೂ ಯುರೋಪಿಗೂ ನಂಟು ಬೆಸೆದವರಲ್ಲಿ ಇನ್ನೊಬ್ಬ ಡ್ರಮ್ ವಾದಕನಿದ್ದಾನೆ. ಮ್ಯೂನಿಕ್ಕಿನ ಕ್ರಿಸ್ಟಿಯಾನ್ ಬುರ್ಖಾರ್ಡ್ 1969ರಲ್ಲಿ ಎಂಬ್ರಿಯೋ ಎಂಬ ತಂಡ ಕಟ್ಟಿದ. ಮರಿಯಾನೋ ಈ ತಂಡದಲ್ಲೂ ನುಡಿಸಿದ್ದರು. 1978ರಲ್ಲಿ ತಂಡ ಬಸ್ಸೊಂದರಲ್ಲಿ ಹೊರಟು ನೆಲದ ದಾರಿಯಲ್ಲೇ ಅಫ್ಘಾನಿಸ್ತಾನ, ಪಾಕಿಸ್ತಾನ ದಾಟಿ ಭಾರತಕ್ಕೆ ಬಂತು. ದಾರಿಯುದ್ದಕ್ಕೂ ಸ್ಥಳೀಯ ಕಲಾವಿದರ ಜೊತೆ ನುಡಿಸಿತು. ಅದರ ಫಲ ‘ಎಂಬ್ರಿಯೋಸ್ ರೈಸೆ’, ಅಂದರೆ ಎಂಬ್ರಿಯೋದ ಪಯಣ, ಎಂಬ ಜೋಡಿ ತಟ್ಟೆ. ಬೆಂಗಳೂರಿನ ತಾಳವಾದ್ಯ ಶಾಲೆಯ ಜೊತೆಗೂಡಿ ‘ಲೈಫ್’ ಎಂಬ ಇನ್ನೊಂದು ತಟ್ಟೆ 1980ರಲ್ಲಿ ಬಂತು. ಬುರ್ಖಾರ್ಡ್ 2018ರಲ್ಲಿ ತೀರಿಕೊಂಡ. ಆಮೇಲೆ ಮಗಳು ಮಾರ್ಯಾ ತಂಡವನ್ನು ಮುನ್ನಡೆಸಿದಳು.

ಆ ಬಸ್ಸು ಹೋದ ದಾರಿ ಇಂದಿಲ್ಲ. 1979ರ ಡಿಸೆಂಬರಿನಲ್ಲಿ ಸೋವಿಯತ್ ಸೇನೆ ಅಫ್ಘಾನಿಸ್ತಾನಕ್ಕೆ ನುಗ್ಗಿತು. 1996ರಿಂದ 2001ರವರೆಗೆ ಆಳಿದ ತಾಲಿಬಾನ್ ವಾದ್ಯಸಂಗೀತವನ್ನು ನಿಷೇಧಿಸಿತು. 2021ರಲ್ಲಿ ಮರಳಿ ಬಂದು ಮತ್ತೆ ಅದನ್ನೇ ಮಾಡಿತು. ರಾಷ್ಟ್ರೀಯ ಸಂಗೀತ ಶಾಲೆಯ ಹುಡುಗ ಹುಡುಗಿಯರು ಪೋರ್ಚುಗಲ್ಲಿನಲ್ಲಿ ಆಶ್ರಯ ಪಡೆದರು. 2023ರ ಜುಲೈಯಲ್ಲಿ ಹೆರಾತಿನಲ್ಲಿ ತಬಲಾ, ಹಾರ್ಮೋನಿಯಂಗಳನ್ನು ರಾಶಿ ಹಾಕಿ ಸುಟ್ಟರು. ಸಂಗೀತದ ಬಗ್ಗೆ ಮುಸ್ಲಿಮರೊಳಗೆ ಹಿಂದಿನಿಂದಲೂ ಭಿನ್ನಾಭಿಪ್ರಾಯಗಳಿವೆ. ದಫ್ಫಿಗೆ ಒಪ್ಪಿ ತಂತಿವಾದ್ಯಕ್ಕೆ ಒಪ್ಪದವರಿದ್ದಾರೆ, ಸಮಾವನ್ನೇ ಸಾಧನೆಯ ದಾರಿ ಮಾಡಿಕೊಂಡ ಸೂಫಿಗಳಿದ್ದಾರೆ. ವಾದ ಮಾಡುವುದು ಬೇರೆ, ವಾದ್ಯ ಸುಡುವುದು ಬೇರೆ. ಅಲ್ಲಾರಖಾ, ಝಾಕಿರ್ ಹುಸೇನರಂಥ ತಾಳದ ಗುರುಗಳನ್ನು ಕೊಟ್ಟ ಪರಂಪರೆ ಇದು. 1968ರಲ್ಲೇ ಅಮೆರಿಕದ ಡ್ರಮ್ ವಾದಕ ಬಡ್ಡಿ ರಿಚ್ ಜೊತೆ ಮುಖಪುಟದಲ್ಲಿ ಹೆಸರು ಹಂಚಿಕೊಂಡವರು ಅಲ್ಲಾರಖಾ. ತಬಲಾದವರು ಮುಖ್ಯ ವೇದಿಕೆಗೆ ಬರುವಂತೆ ಮಾಡಿದ ಅವರ ಮಗ ಝಾಕಿರ್ 2024ರ ಡಿಸೆಂಬರ್‌ನಲ್ಲಿ ನಮ್ಮನ್ನು ಅಗಲಿದರು. ಬೆಂಕಿಗೆ ಬಿದ್ದ ವಾದ್ಯ ಮರಳಿ ನುಡಿಯದು. ಆ ಕಾಬೂಲಿನ ದನಿ ಒಂದಿಷ್ಟಾದರೂ ಜರ್ಮನ್ ಡ್ರಮ್ಮಿನವನೊಬ್ಬನ ತಟ್ಟೆಯಲ್ಲಿ ಉಳಿದಿದೆ. ಮರುಮುದ್ರಣದ ಅರ್ಥ ಇಂಥ ಕಡೆ ಶೋಕಿಯನ್ನು ಮೀರುತ್ತದೆ.

ಈಗ ನಮ್ಮ ಸೀಮೆಗೆ ಬರೋಣ. ಕಾಮಸಮುದ್ರದ ನೆರೆಯ ಕೆ.ಜಿ.ಎಫ್. ಗಣಿಯಲ್ಲಿ 1880ರ ದಶಕದಿಂದ ಜಾನ್ ಟೇಲರ್ ಕಂಪನಿ ಚಿನ್ನ ತೆಗೆಯಿತು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕಿಳಿಯಿತು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ದೊರೆಗಳಿಗೆ ಕ್ಲಬ್ಬಿತ್ತು, ಅಲ್ಲಿ ಪಾಶ್ಚಾತ್ಯ ಸಂಗೀತವಿತ್ತು. ಗಣಿಗಿಳಿಯಲು ತಮಿಳು ಸೀಮೆಯಿಂದ ಬಂದವರಲ್ಲಿ ಹೆಚ್ಚಿನವರು ದಲಿತರು. ಅವರ ಲೈನುಮನೆಗಳಿಗೆ ಪರೈ ಜೊತೆಗೇ ಬಂತು. ಸುತ್ತಲ ಹಳ್ಳಿಗಳಲ್ಲಿ ತಮಟೆ, ಉರುಸಿನ ಮೆರವಣಿಗೆಗೆ ಫಕೀರರ ದಫ್. ತೆಗೆದ ಚಿನ್ನದ ಲೆಕ್ಕ ತೊಲದ ಮಟ್ಟಕ್ಕೆ ಸಿಗುತ್ತದೆ. ಆ ಬಡಿತಗಳನ್ನು ಬಾರಿಸಿದವರಲ್ಲಿ ಎಷ್ಟು ಜನರ ಹೆಸರು ನಮಗೆ ಗೊತ್ತು?

ತಮಟೆಯವರೂ ಲಯದ ವಿದ್ವಾಂಸರೇ. ಚರ್ಮವನ್ನು ಬೆಂಕಿಗೆ ಹಿಡಿದು ಹದಕ್ಕೆ ತರುವುದು, ಎರಡು ಕಡ್ಡಿಗಳಲ್ಲಿ ಎರಡು ಬಗೆಯ ಪೆಟ್ಟು ಹುಟ್ಟಿಸುವುದು, ಕುಣಿಯುವವರ ಕಾಲು ನೋಡಿ ನಡೆ ಬದಲಿಸುವುದು ಯಾವ ಜಾಝ್ ಡ್ರಮ್ಮಿನವನ ಕಸುಬಿಗೂ ಕಡಿಮೆಯಲ್ಲ. ವ್ಯತ್ಯಾಸ ಇಷ್ಟೇ: ಕಾಭಮ್ ವೇದಿಕೆಯ ಹಿಂದೆ ಕೂತಿದ್ದ, ಇವರು ಊರಿನ ಹೊರಗೆ ನಿಂತಿದ್ದರು. ಮೃದಂಗದ ಕಥೆಯಲ್ಲೂ ಇದೇ ಮೈಲಿಗೆ ಅಡಗಿದೆ. ಟಿ.ಎಂ. ಕೃಷ್ಣ 2020ರಲ್ಲಿ ಪ್ರಕಟಿಸಿದ ‘ಸೆಬಾಸ್ಟಿಯನ್ ಅಂಡ್ ಸನ್ಸ್’ ಪುಸ್ತಕ, ಹಸು, ಎಮ್ಮೆ, ಆಡಿನ ಚರ್ಮ ಹದಮಾಡಿ ಮೃದಂಗ ಕಟ್ಟುವ ದಲಿತ ಕ್ರೈಸ್ತ ಕುಟುಂಬಗಳನ್ನು ಬೆಳಕಿಗೆ ತಂದಿತು. ಚೆನ್ನೈನ ಕಲಾಕ್ಷೇತ್ರ, ಪುಸ್ತಕ ಬಿಡುಗಡೆಗೆ ಕೊಟ್ಟಿದ್ದ ಸಭಾಂಗಣವನ್ನು ಹಿಂದಕ್ಕೆ ಪಡೆಯಿತು. ಬಾರಿಸುವವನು ಪಕ್ಕಕ್ಕೆ, ಕಟ್ಟಿದವನು ಬಾಗಿಲಾಚೆಗೆ. ಮುಖಪುಟಕ್ಕೆ ಹೆಸರು ತರುವ ಕೆಲಸ ಇನ್ನೂ ಎಷ್ಟು ಮೆಟ್ಟಿಲು ಇಳಿಯಬೇಕಿದೆ ಎಂಬುದಕ್ಕೆ ಇದೇ ಸಾಕ್ಷಿ.

ತಮಟೆಯನ್ನು ಬರಿದೇ ‘ನಮ್ಮ ಹೆಮ್ಮೆಯ ಜನಪದ’ವೆಂದು ಕೊಂಡಾಡುವುದೂ ಸರಿಯಲ್ಲ. ಊರಿನವರ ಹೆಣದ ಮುಂದೆ ಬಿಟ್ಟಿಯಾಗಿ ಬಾರಿಸಬೇಕಾದ ಜೀತವನ್ನು ನೆನೆದು ತಮಟೆಯನ್ನೇ ಬಿಟ್ಟ ದಲಿತರಿದ್ದಾರೆ. ಅದನ್ನೇ ಹೋರಾಟದ ದನಿಯಾಗಿ ಎತ್ತಿಕೊಂಡವರೂ ಇದ್ದಾರೆ. ಎರಡು ನಿಲುವಿಗೂ ನ್ಯಾಯವಿದೆ. 2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಮುನಿವೆಂಕಟಪ್ಪ ಅವರಿಗೆ ಪದ್ಮಶ್ರೀ ಬಂತು. 2007ರವರೆಗೆ ಆ ಸೀಮೆಯೂ ಕೋಲಾರ ಜಿಲ್ಲೆಯೇ ಆಗಿತ್ತು. ತಮಟೆ ಎಂಬ ಪದ ರಾಷ್ಟ್ರಪತಿ ಭವನದ ಪಟ್ಟಿಗೆ ಏರಿದ್ದು ಸಂತೋಷದ ಸಂಗತಿ. ಆದರೆ ಪದಕ ಗೋಡೆಯ ಮೇಲಿರುತ್ತದೆ. ಬಡಿತ ಉಳಿಯಬೇಕಾದರೆ ಅದನ್ನು ಕೇಳಿಸಿಕೊಳ್ಳುವ, ಕಾಪಿಡುವ ಏರ್ಪಾಡು ಬೇಕು.

ಮರುಮುದ್ರಣದ ಸಂಭ್ರಮ ನಮಗೆ ಕಲಿಸಬೇಕಾದ ಪಾಠ ಇದು: ಮತ್ತೆ ಅಚ್ಚಾಗಬೇಕಾದರೆ ಮೊದಲು ಒಮ್ಮೆ ಅಚ್ಚಾಗಿರಬೇಕು. ‘ಸ್ಪೆಕ್ಟ್ರಮ್’ಗೆ ಮೂಲ ಟೇಪಿದೆ, ದಿನಾಂಕವಿದೆ, ನುಡಿಸಿದವರ ಹೆಸರಿದೆ, ಆದ್ದರಿಂದ ಐವತ್ತು ವರ್ಷದ ನಂತರವೂ ಅದು ಎದ್ದು ಬರುತ್ತದೆ. ಕೋಲಾರದ ಗಡಿಹಳ್ಳಿಗಳ ತಮಟೆಯವರನ್ನು ಜಾತ್ರೆಯ ಗದ್ದಲದಲ್ಲಿ ಮೊಬೈಲಿನಲ್ಲಿ ಹಿಡಿದು ಬಿಡುವುದು ಮುದ್ರಣವಲ್ಲ. ಜನಪದ ವಿಶ್ವವಿದ್ಯಾಲಯ, ಅಕಾಡೆಮಿಗಳು, ಆಕಾಶವಾಣಿ ಮನಸ್ಸು ಮಾಡಿದರೆ ಆಗದ ಕೆಲಸವಲ್ಲ. ಒಳ್ಳೆಯ ಮೈಕು, ದುಡಿಮೆಗೆ ತಕ್ಕ ಕೂಲಿ, ಮಾರಾಟದಲ್ಲಿ ಪಾಲು, ಬಾರಿಸಿದವರ ಜೊತೆಗೆ ಚರ್ಮ ಹದಮಾಡಿದವರ ಹೆಸರು, ಊರು, ಬಾರಿಸಿದ ಬಡಿತದ ಹೆಸರು ಇಷ್ಟನ್ನು ಬರೆದಿಡಬೇಕು. ‘ಸಾಂಪ್ರದಾಯಿಕ’ ಎಂಬ ಒಂದೇ ಪದದ ಹಿಂದೆ ಜನರನ್ನು ಮರೆಯಾಗಿಸುವ ಚಾಳಿ ನಿಲ್ಲಬೇಕು.

ಒಬ್ಬ ಡ್ರಮ್ಮಿನವನು ಹಿಂಬದಿಯಿಂದ ಎದ್ದು ತನ್ನ ಹೆಸರನ್ನು ತಟ್ಟೆಯ ಮೇಲೆ ಬರೆಸಿಕೊಂಡದ್ದನ್ನು ಲೋಕ ಇಂದಿಗೂ ಕೊಂಡು ಕೇಳುತ್ತಿದೆ. ಬೆಂಗಳೂರಿನ ಮೃದಂಗದವರು ಆ ಹಾದಿಯಲ್ಲಿ ನಾಲ್ಕು ಹೆಜ್ಜೆ ನಡೆದರು. ಉಳಿದ ಹಾದಿ ಬೆಂಗಳೂರಿನಿಂದ ಕಾಮಸಮುದ್ರದವರೆಗಿನದು. ರೈಲಿನಲ್ಲಿ ಅದು ಕೆಲವೇ ಗಂಟೆಯ ದೂರ. ನಮ್ಮ ಕಿವಿಗಳಿಗೆ ಮಾತ್ರ ಇನ್ನೂ ಬಹಳ ದೂರವಿದೆ.